ವಠಾರ ಮಾರಿದರೆ ಮಾರಿದ್ದು ಮನೆಯನ್ನಷ್ಟೇ ಅಲ್ಲ

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಯುವ ಗೆಳೆಯರ ಸಭೆಯಲ್ಲಿ ಹಾಸನದಲ್ಲಿ ಮಾಡಿದ ಭಾಷಣ)



ಕನ್ನಡದ ಸಭೆ ಎಂದರೆ ಬಾವುಟ, ಘೋಷಣೆ, ಇಂಗ್ಲಿಷ್ ಫಲಕಕ್ಕೆ ಮಸಿ ಎಂದುಕೊಂಡು ಬಂದವರಿಗೆ ಇವತ್ತು ಸ್ವಲ್ಪ ನಿರಾಸೆ ಆಗಬಹುದು. ನಾನು ಮಾತಾಡಲು ಬಂದಿರುವುದು ಕ್ರಯಪತ್ರ, ಖಾತೆ, ಚಕ್ಕುಬಂದಿ, ಸೋರುವ ಹೆಂಚು, ನಾಲ್ಕು ಮನೆಗೆ ಒಂದೇ ನಲ್ಲಿ ಇವುಗಳ ಬಗ್ಗೆ. ಇದರಲ್ಲಿ ಕನ್ನಡ ಎಲ್ಲಿದೆ ಎಂದು ಕೇಳಬೇಡಿ. ನೆಲ ಇಲ್ಲದ ಭಾಷೆ ಎಷ್ಟು ದಿನ ನಿಂತೀತು?

ನಮ್ಮ ನಾಲ್ಕೂ ಊರುಗಳ ಹಳೆಯ ಬೀದಿಗಳಲ್ಲಿ ಒಮ್ಮೆ ನಡೆದು ಬನ್ನಿ. ಹಾಸನದಲ್ಲಿ ಹಾಸನಾಂಬೆ ಗುಡಿಯ ಸುತ್ತಿನ ಓಣಿಗಳು, ಹೊಳೆನರಸೀಪುರದಲ್ಲಿ ಹೇಮಾವತಿ ದಂಡೆಯ ಕಡೆಯ ಬೀದಿಗಳು, ಅರಕಲಗೂಡಿನ ಕೋಟೆ, ಚನ್ನರಾಯಪಟ್ಟಣದ ಪೇಟೆ. ಮುಂದೆ ಜಗಲಿ, ಒಳಗೆ ಉದ್ದನೆಯ ಓಣಿ, ಎರಡು ಕಡೆ ಸಾಲು ಮನೆ, ಹಿಂದೆ ಬಾವಿ. ಬಾಗಿಲಿಗೆ ಬೀಗ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆಯಾದರೂ ತೆರೆಯುತ್ತದೆ, ಈ ಕೆಲವು ಮನೆಗಳ ಬಾಗಿಲಿಗೆ ಆ ಭಾಗ್ಯವೂ ಇಲ್ಲ. ಒಂದು ದಿನ ದಲ್ಲಾಳಿ ಬರುತ್ತಾನೆ, ಮೂರು ತಿಂಗಳಲ್ಲಿ ಜೆಸಿಬಿ ಬರುತ್ತದೆ, ವರ್ಷದೊಳಗೆ ಗಾಜಿನ ಮುಖದ ಕಾಂಪ್ಲೆಕ್ಸು ಏಳುತ್ತದೆ. ಅದರ ಹೆಸರು ಕನ್ನಡದಲ್ಲಿ ಇರುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇತ್ತ ನಮ್ಮ ಹುಡುಗ ಹುಡುಗಿಯರು ಏನು ಮಾಡುತ್ತಿದ್ದಾರೆ? ಬೆಂಗಳೂರಿನ ಹೊರವಲಯದಲ್ಲಿ, ಊರಿನ ಹೆಸರನ್ನೇ ಸರಿಯಾಗಿ ಹೇಳಲು ಬಾರದವರ ನಡುವೆ, ಎರಡು ಕೋಣೆಯ ಫ್ಲ್ಯಾಟಿಗೆ ಇಪ್ಪತ್ತು ವರ್ಷದ ಸಾಲ ಮಾಡುತ್ತಿದ್ದಾರೆ. ಅಲ್ಲಿಯ ಸೂಚನಾ ಫಲಕ ಇಂಗ್ಲಿಷು, ಕಾವಲುಗಾರ ಹಿಂದಿ, ಸಂಘದ ಸಭೆ ಇಂಗ್ಲಿಷು. ಅದಕ್ಕೆ ಕೊಟ್ಟ ದುಡ್ಡು ಮಾತ್ರ ಹಾಸನದ ಆಲೂಗೆಡ್ಡೆ, ಚನ್ನರಾಯಪಟ್ಟಣದ ತೆಂಗು, ರಾಮನಾಥಪುರದ ಹೊಗೆಸೊಪ್ಪು.

ಹೊರಗಿನಿಂದ ಬಂದವರು ನಮ್ಮ ನೆಲ ಕೊಂಡರು ಎಂದು ಬೈಯುವವರು ನಮ್ಮಲ್ಲಿ ಬಹಳ. ಬೈಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಮಾರಿದವರು ಯಾರು? ಕೊಂಡವನ ಹೆಸರು ಏನಾದರೂ ಇರಲಿ, ಮಾರಿದವನ ಸಹಿ ಅಚ್ಚಗನ್ನಡದಲ್ಲಿದೆ.

ಬೆಂಗಳೂರಿನ ಕಥೆಯನ್ನು ಸ್ವಲ್ಪ ನೋಡಿ. ಚಾಮರಾಜಪೇಟೆ ಬಡಾವಣೆ ಶುರುವಾದದ್ದು 1892ರಲ್ಲಿ. 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಎದ್ದವು. ಹಾಸನ ಸೀಮೆಯಿಂದ ಓದಲು, ಗುಮಾಸ್ತಗಿರಿ ಹುಡುಕಲು ಹೋದವರು ಕಾಲಿಟ್ಟದ್ದು ಆ ಬೀದಿಗಳ ವಠಾರಗಳಿಗೆ. ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಎಲ್ಲರಿಗೂ ಸೇರಿ ಒಂದು ಬಚ್ಚಲು. ಮಾಲೀಕ ಮುಂದಿನ ಮನೆಯಲ್ಲಿ, ಒಂದನೆಯ ತಾರೀಕು ಬಾಗಿಲಿಗೆ ಹಾಜರು. 1990ರಲ್ಲಿ ಬಂದ 'ಗಣೇಶನ ಮದುವೆ' ಚಿತ್ರದ ವಠಾರ ನೆನಪಿರಬಹುದು. ಅನಂತನಾಗ್ ಬಾಡಿಗೆದಾರ, ಮುಖ್ಯಮಂತ್ರಿ ಚಂದ್ರು ಮಾಲೀಕ. ಜನ ಅಷ್ಟು ನಕ್ಕದ್ದು ಯಾಕೆ? ಪ್ರತಿಯೊಬ್ಬರೂ ಅಂಥ ಮಾಲೀಕನಿಗೆ ಬಾಡಿಗೆ ಕೊಟ್ಟಿದ್ದರು.

ಆದರೆ ಆ ನಗೆಯ ಹಿಂದೆ ಒಂದು ದೊಡ್ಡ ಕೆಲಸ ನಡೆಯುತ್ತಿತ್ತು. ವಠಾರಕ್ಕೆ ತಮಿಳರ ಮನೆ ಬಂತು, ತೆಲುಗಿನವರು ಬಂದರು, ಮರಾಠಿ ಮಾತಾಡುವ ದರ್ಜಿ ಬಂದ. ಯಾರೂ ಅವರಿಗೆ ಕನ್ನಡ ಕಲಿಯಿರಿ ಎಂದು ಆಜ್ಞೆ ಮಾಡಲಿಲ್ಲ. ನಲ್ಲಿಯ ಮುಂದೆ ಬಿಂದಿಗೆ ಸಾಲಿನಲ್ಲಿ ಜಗಳ ಆಡಬೇಕಾದರೆ ಕನ್ನಡ ಬೇಕಿತ್ತು. ಕಲಿತರು. ಆರು ತಿಂಗಳಲ್ಲಿ ನಮಗಿಂತ ಚೆನ್ನಾಗಿ ಬೈಯುತ್ತಿದ್ದರು. ಸರ್ಕಾರದ ಯಾವ ಕನ್ನಡ ಕಲಿಕಾ ಕೇಂದ್ರ ಇಷ್ಟು ಖರ್ಚಿಲ್ಲದೆ ಇಷ್ಟು ಜನಕ್ಕೆ ಕನ್ನಡ ಕಲಿಸಿದೆ? ಆ ವಠಾರಗಳನ್ನು ಒಡೆದು ಫ್ಲ್ಯಾಟು ಮಾಡಿದರು. ಫ್ಲ್ಯಾಟಿನಲ್ಲಿ ನಲ್ಲಿ ಒಳಗಿದೆ, ಬಾಗಿಲು ಮುಚ್ಚಿದೆ, ಜಗಳವಾಡಲೂ ಪಕ್ಕದ ಮನೆಯವನ ಮುಖ ಗೊತ್ತಿಲ್ಲ. ಅಲ್ಲಿ ಕನ್ನಡ ಯಾಕೆ ಬೇಕು?

ಬೆಂಗಳೂರಿನಲ್ಲಿ ಆದದ್ದು ಈಗ ಹಾಸನಕ್ಕೆ ಹೊರಟಿದೆ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ರೈಲು ಬಂತು, ಹೆದ್ದಾರಿ ಅಗಲವಾಯಿತು. ಬಂದದ್ದೆಲ್ಲ ಒಳ್ಳೆಯದೇ. ಜೊತೆಗೆ ನೆಲದ ಬೆಲೆ ಕೇಳುವವರೂ ಬಂದರು. ಆದ್ದರಿಂದ ಹೇಳುತ್ತಿದ್ದೇನೆ, ನಾಲ್ಕು ಗೆಳೆಯರು ಸೇರಿ ನಿಮ್ಮದೇ ಊರಿನ ಹಳೆಯ ಬೀದಿಯಲ್ಲಿ ಒಂದು ವಠಾರ ಕೊಳ್ಳಿ. ಒಬ್ಬನಿಗೆ ಕೈಗೆಟುಕದ್ದು ನಾಲ್ವರಿಗೆ ಎಟುಕುತ್ತದೆ.

ಇದೇನೂ ನಾನು ಕಂಡುಹಿಡಿದ ಹೊಸ ಉಪಾಯ ಅಲ್ಲ. ಹೊಯ್ಸಳರ ಕಾಲದಲ್ಲಿ ನಮ್ಮ ಜಿಲ್ಲೆಯ ತುಂಬ ಅಗ್ರಹಾರಗಳಿದ್ದವು. ಅಗ್ರಹಾರದ ನೆಲವನ್ನು ವೃತ್ತಿ ಎಂಬ ಪಾಲುಗಳಾಗಿ ಹಂಚುತ್ತಿದ್ದರು. ಒಬ್ಬನಿಗೆ ಒಂದು ವೃತ್ತಿ, ಇನ್ನೊಬ್ಬನಿಗೆ ಅರ್ಧ. ಮಹಾಜನರು ಕೂಡಿ ಕೆರೆ, ಗುಡಿ, ದಾರಿಗಳ ವ್ಯವಹಾರ ನೋಡುತ್ತಿದ್ದರು. ಪಾಲು ಮಾರುವುದೂ ಇತ್ತು, ಅದಕ್ಕೆ ಕಟ್ಟುಪಾಡೂ ಇತ್ತು. ಆ ಪಾಲು ಜಾತಿಯ ಪಾಲು, ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಕೂಡಿ ಕೊಂಡು ಕೂಡಿ ನಡೆಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಬಿ.ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಹೊರತಂದರು. ತಿರುವಿ ನೋಡಿ, ಎಲ್ಲೆಲ್ಲೂ ನೆಲ, ಮನೆ, ಎಲ್ಲೆ, ಪಾಲು.

ಅಷ್ಟೇಕೆ, ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ. ಕ್ರಿ.ಶ. 450ರ ಸುಮಾರಿನದು, ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ರಾಜ್ಯೋತ್ಸವದ ಭಾಷಣಗಳಲ್ಲಿ ಅದರ ಹೆಸರು ಹೇಳದವರಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಎಷ್ಟು ಜನ ಕೇಳಿದ್ದೀರಿ? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟ ವಿಷಯ. ಅಂದರೆ ಕತ್ತಿ ತೊಳೆದ ಗೌರವಕ್ಕೆ ಕೊಟ್ಟ ನೆಲ. ಕೆಡಿಸಿದವರಿಗೆ ಮಹಾಪಾತಕ ಎಂಬ ಶಾಪವೂ ಇದೆ. ಕನ್ನಡದ ತೀರ ಹಳೆಯ ಬರಹಗಳಲ್ಲಿ ಒಂದು, ಮತ್ತು ಅದೊಂದು ಆಸ್ತಿಪತ್ರ! ಹದಿನೈದು ನೂರು ವರ್ಷಗಳ ಹಿಂದೆಯೇ ನೆಲದ ಪತ್ರ ಬರೆದ ಭಾಷೆಯಲ್ಲಿ ಇವತ್ತು ಕ್ರಯಪತ್ರ ಬರೆಸಲು ನಮ್ಮ ಹುಡುಗರಿಗೆ ನಾಚಿಕೆ.

ಈಗ ಕೆಲಸದ ಮಾತಿಗೆ ಬರುತ್ತೇನೆ.

ಮೊದಲು ನೋಡಬೇಕಾದದ್ದು ಮನೆಯನ್ನಲ್ಲ, ಮಾರುವವನನ್ನು. ಹಳೆಯ ವಠಾರ ಎಂದರೆ ತಾತನ ಆಸ್ತಿ. ತಾತನಿಗೆ ಮೂರು ಗಂಡು, ನಾಲ್ಕು ಹೆಣ್ಣು. ಅವರಲ್ಲಿ ಊರಿನಲ್ಲಿ ಉಳಿದ ಒಬ್ಬ ಮಗ ಬಂದು ಮನೆ ನನ್ನದೇ, ಕಂದಾಯ ನಾನೇ ಕಟ್ಟುವುದು ಎನ್ನುತ್ತಾನೆ. ಕಂದಾಯ ಕಟ್ಟಿದ ಮಾತ್ರಕ್ಕೆ ಮನೆ ಅವನದಾಗುವುದಿಲ್ಲ. ಖಾತೆ ಅವನ ಹೆಸರಿಗಿದ್ದರೂ ಆಗುವುದಿಲ್ಲ, ಖಾತೆ ಎಂಬುದು ತೆರಿಗೆ ವಸೂಲಿಯ ಲೆಕ್ಕ ಅಷ್ಟೆ. ವಂಶವೃಕ್ಷ ತರಿಸಿ. ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದ್ದೇವೆ, ಅವರ ಸಹಿ ಯಾಕೆ ಎಂದರೆ ಎದ್ದು ಬನ್ನಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು, ಆಗ ಅದು ಅಷ್ಟರೊಳಗೆ ಮದುವೆಯಾಗಿದ್ದವರನ್ನು ಬಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾಗಲಿ ಬಿಡಲಿ ಮಗಳೂ ಮಗನಷ್ಟೇ ಹಕ್ಕುದಾರಳು ಎಂದಾಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಪ್ರತಿಯೊಬ್ಬ ಮಗಳೂ, ತೀರಿಕೊಂಡಿದ್ದರೆ ಅವಳ ಮಕ್ಕಳೂ, ಕ್ರಯಪತ್ರಕ್ಕೆ ಸಹಿ ಹಾಕಬೇಕು, ಅಥವಾ ಹಕ್ಕು ಖುಲಾಸೆ ಪತ್ರ ನೋಂದಣಿ ಮಾಡಿಕೊಟ್ಟಿರಬೇಕು. ಅಕ್ಕತಂಗಿಯರ ಪಾಲು ನುಂಗಿದ ಮನೆಯಲ್ಲಿ ಕನ್ನಡ ಬಾವುಟ ಹಾರಿಸಿ ಏನು ಪ್ರಯೋಜನ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಇನ್ನೊಂದು ಉಪಾಯ ಹೇಳುವವರು ಸಿಗುತ್ತಾರೆ. ಅಣ್ಣತಮ್ಮಂದಿರಲ್ಲಿ ಒಬ್ಬನ ಪಾಲನ್ನು ಮಾತ್ರ ಅಗ್ಗಕ್ಕೆ ಕೊಂಡುಬಿಡಿ, ಉಳಿದವರು ಆಮೇಲೆ ದಾರಿಗೆ ಬರುತ್ತಾರೆ ಎಂದು. ಖಂಡಿತ ಬೇಡ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಪ್ರಕರಣ ಏನು ಹೇಳುತ್ತದೆ ಗೊತ್ತೆ? ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬನ ಪಾಲನ್ನು ಹೊರಗಿನವನು ಕೊಂಡರೆ, ಆ ಮನೆಯೊಳಗೆ ಜಂಟಿಯಾಗಿ ವಾಸ ಮಾಡುವ ಹಕ್ಕು ಅವನಿಗೆ ಇಲ್ಲ. ದುಡ್ಡು ಕೊಟ್ಟು ಬೀದಿಯಲ್ಲಿ ನಿಂತು ವಿಭಾಗದ ದಾವೆ ಹೂಡಬೇಕು. ಅದರ ಮೇಲೆ 1893ರ ವಿಭಾಗ ಕಾಯಿದೆ ಇದೆ. ನೀವು ದಾವೆ ಹೂಡಿದರೆ, ಉಳಿದ ಪಾಲುದಾರರು ನಿಮ್ಮ ಪಾಲಿಗೆ ಕೋರ್ಟು ಕಟ್ಟಿದ ಬೆಲೆ ಕೊಟ್ಟು ನಿಮ್ಮನ್ನು ಹೊರಗೇ ಕಳಿಸಬಹುದು. ನಮ್ಮ ಜಿಲ್ಲೆಯ ಸಿವಿಲ್ ಕೋರ್ಟಿನ ಆವರಣದಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ, ಇಂಥ ದಾವೆಗಳಲ್ಲಿ ತಲೆ ಹಣ್ಣಾದವರು ಎಷ್ಟು ಎಂದು ಕಾಣುತ್ತದೆ.

ಜನರಲ್ ಪವರ್ ಆಫ್ ಅಟಾರ್ನಿ ಮೇಲೆ ಮನೆ ಕೊಳ್ಳುವ ಚಟವೂ ನಮ್ಮಲ್ಲಿದೆ. ಅಮೆರಿಕದಲ್ಲಿರುವ ಮಗನ ಪರವಾಗಿ ಯಾರಾದರೂ ಅಧಿಕೃತವಾಗಿ ನಿಂತು ನೋಂದಣಿ ಮಾಡಿಕೊಡುವುದು ಸರಿ. ಆದರೆ ನೋಂದಾಯಿತ ಕ್ರಯಪತ್ರವೇ ಇಲ್ಲದೆ ಬರೀ ಜಿ.ಪಿ.ಎ. ಮತ್ತು ಕರಾರುಪತ್ರ ಇಟ್ಟುಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಖಡಾಖಂಡಿತ ಹೇಳಿದೆ.

ದೇವಸ್ಥಾನದ ಬೀದಿ, ಮಠದ ಬೀದಿಗಳಲ್ಲಿ ಒಂದು ಹೆಚ್ಚಿನ ಎಚ್ಚರ ಬೇಕು. ಮನೆ ಕಟ್ಟಿದವರು ಬೇರೆ, ನೆಲ ಮುಜರಾಯಿಯದೋ ಮಠದ್ದೋ ಆಗಿರಬಹುದು. ಮೂರು ತಲೆಮಾರಿನಿಂದ ವಾಸವಾಗಿದ್ದಾರೆ ಎಂಬುದು ಮೂಲಪತ್ರಕ್ಕೆ ಬದಲಿ ಅಲ್ಲ.

ಇನ್ನು ಋಣಭಾರ ಪತ್ರ. ನೋಂದಣಿ ಇಲಾಖೆಯ ಕಾವೇರಿ ಗಣಕ ವ್ಯವಸ್ಥೆಯಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮನೆಯಲ್ಲೇ ಕೂತು ನೋಡಬಹುದು. ಅಷ್ಟಕ್ಕೇ ತೃಪ್ತರಾಗಬೇಡಿ. ವಠಾರದ ಹಳೆಯ ಅಡಮಾನ, ದಾನಪತ್ರ, ವಿಲ್ಲು ಎಲ್ಲ ಅದಕ್ಕೆ ಹಿಂದಿನವು. ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕನಿಷ್ಠ 30 ವರ್ಷದ್ದಾದರೂ ಹುಡುಕಿಸಿ. 2024ರಿಂದ ನಗರದ ಆಸ್ತಿಗಳಿಗೆ ಇ-ಖಾತೆ ಇಲ್ಲದೆ ನೋಂದಣಿ ಆಗುತ್ತಿಲ್ಲ. ಅರ್ಧ ಶತಮಾನದ ಹಿಂದೆ ಸತ್ತವರ ಹೆಸರಲ್ಲಿ ಖಾತೆ ಇರುವ ಮನೆಗಳೇ ಹೆಚ್ಚು, ಆದ್ದರಿಂದ ಮುಂಗಡ ಕೊಡುವ ಮುಂಚೆಯೇ ಇದನ್ನು ಸರಿಪಡಿಸಿಕೊಡಿ ಎಂದು ಕೇಳಿ.

ಹಳೆಯ ಪತ್ರಗಳು ಕೈಗೆ ಬಂದಾಗ ನಿಧಾನವಾಗಿ ಓದಿ. ಎಷ್ಟು ಚೆಂದದ ಕನ್ನಡ ಅದು! ಮನೆಯನ್ನು ಅಂಕಣದಲ್ಲಿ ಎಣಿಸುತ್ತಾರೆ. ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಸರ್ಕಾರಿ ಬೀದಿ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಹಿತ್ತಲು ಎಂದು ಚಕ್ಕುಬಂದಿ ಹೇಳುತ್ತಾರೆ. ಬಾವಿಯ ನೀರಿನ ಹಕ್ಕು, ಸೂರಿನ ನೀರು ಯಾವ ಕಡೆ ಬೀಳಬೇಕು, ಜಂಟಿ ಗೋಡೆಗೆ ಯಾರು ಖರ್ಚು ಹಾಕಬೇಕು ಎಲ್ಲವೂ ಇರುತ್ತದೆ. ಕ್ರಯ, ಭೋಗ್ಯ, ಖುಲಾಸೆ, ವಿಭಾಗ, ಸ್ವಾಧೀನ, ಋಣಭಾರ. ಇವು ಅಂಗಡಿಯಲ್ಲಿ ಅಕ್ಕಿ ಕೊಂಡಷ್ಟು ಸಲೀಸಾಗಿ ನಮ್ಮ ಅಜ್ಜಂದಿರು ಬಳಸಿದ ಮಾತುಗಳು. ಕನ್ನಡದಲ್ಲಿ ಕಾನೂನಿನ ಭಾಷೆ ಬೆಳೆದಿಲ್ಲ ಎನ್ನುವ ವಕೀಲರಿಗೆ ಇದರ ಒಂದು ಹಾಳೆ ಓದಲು ಕೊಡಿ.

ಕ್ರಯಪತ್ರವನ್ನು ಕನ್ನಡದಲ್ಲೇ ಬರೆಸಿ. ಇದು ಬರೀ ಅಭಿಮಾನದ ಮಾತಲ್ಲ. 1908ರ ನೋಂದಣಿ ಕಾಯಿದೆಯ 19ನೆಯ ಪ್ರಕರಣ ನೋಡಿ. ನೋಂದಣಿ ಅಧಿಕಾರಿಗೆ ಅರ್ಥವಾಗದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದ ಭಾಷೆಯಲ್ಲಿ ಪತ್ರ ತಂದರೆ, ಜಿಲ್ಲೆಯ ಭಾಷೆಗೆ ಮಾಡಿದ ನಿಜವಾದ ಅನುವಾದ ಜೊತೆಗಿಲ್ಲದೆ ಅದನ್ನು ನೋಂದಾಯಿಸುವಂತಿಲ್ಲ. ಬ್ರಿಟಿಷರು ಮಾಡಿದ ಕಾಯಿದೆಯೇ ಜಿಲ್ಲೆಯ ಭಾಷೆಗೆ ಇಷ್ಟು ಮರ್ಯಾದೆ ಕೊಟ್ಟಿದೆ. ಅಧಿಕಾರಿಗೆ ಇಂಗ್ಲಿಷ್ ಬರುವುದರಿಂದ ಇಂಗ್ಲಿಷ್ ಪತ್ರವೂ ನಡೆಯುತ್ತದೆ, ಆ ಬಾಗಿಲಿನಿಂದಲೇ ಬೆಂಗಳೂರಿನಲ್ಲಿ ಇಂಗ್ಲಿಷ್ ಪತ್ರಗಳು ತುಂಬಿಕೊಂಡವು. ಬಿಲ್ಡರು ಅರವತ್ತು ಪುಟದ ಇಂಗ್ಲಿಷ್ ಪತ್ರ ಮುಂದಿಡುತ್ತಾನೆ, ನಮ್ಮ ಹುಡುಗ ಓದದೆ ಅರವತ್ತು ಸಹಿ ಹಾಕುತ್ತಾನೆ. ಅವನ ಪಾಲಿಗೆ ನೆಲ ಎಷ್ಟು ಬಂತು ಎಂದು ಕೇಳಿದರೆ ಗೊತ್ತಿಲ್ಲ. ಹಾಸನ ಜಿಲ್ಲೆಯ ಉಪನೋಂದಣಿ ಕಚೇರಿಗಳ ಮುಂದೆ ಕನ್ನಡದ ಪತ್ರಬರಹಗಾರರು ಇನ್ನೂ ಇದ್ದಾರೆ. ಅವರನ್ನು ಬಿಟ್ಟು ಇಂಗ್ಲಿಷಿನ ಟೈಪಿಸ್ಟ್ ಹುಡುಕಿಕೊಂಡು ಹೋಗಬೇಡಿ. ನಿಮ್ಮ ತಾಯಿಗೆ ಓದಿ ಹೇಳಿದರೆ ಅರ್ಥವಾಗುವ ಪತ್ರಕ್ಕೆ ಮಾತ್ರ ಸಹಿ ಹಾಕಿ. ಸಹಿಯೂ ಕನ್ನಡದಲ್ಲಿರಲಿ.

ಬ್ಯಾಂಕಿನ ಬಾಗಿಲಲ್ಲಿ ನಿಮ್ಮ ಸಹನೆಯ ಪರೀಕ್ಷೆ ನಡೆಯುತ್ತದೆ. ಒಂದು ಕಾಲದಲ್ಲಿ ನಮಗೆ ಮೈಸೂರು ಬ್ಯಾಂಕ್ ಇತ್ತು, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಹುಟ್ಟಿದ್ದು. 2017ರಲ್ಲಿ ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತು. 2019ರಲ್ಲಿ ವಿಜಯಾ ಬ್ಯಾಂಕ್ ಹೋಯಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹೋಯಿತು, ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿತು. ಕನ್ನಡದ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ಹೆಸರು ಕಳೆದುಕೊಂಡಾಗ ನಾವು ಎರಡು ದಿನ ಗೊಣಗಿ ಸುಮ್ಮನಾದೆವು. ಈಗ ತಾಲ್ಲೂಕು ಶಾಖೆಯಲ್ಲಿ ಕೂತವರಿಗೆ ಕನ್ನಡ ಬಾರದಿದ್ದರೆ, ನಿಮ್ಮ ತಾತನ ಕ್ರಯಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ತನ್ನಿ ಎನ್ನುತ್ತಾರೆ. ಕನ್ನಡದ ಊರಿನಲ್ಲಿ, ಕನ್ನಡದ ಪತ್ರಕ್ಕೆ, ಕನ್ನಡಿಗ ತನ್ನ ದುಡ್ಡಿನಲ್ಲಿ ಅನುವಾದ ಮಾಡಿಸಬೇಕು! ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್ಕು ಎಲ್ಲವೂ ಇಂಗ್ಲಿಷ್, ಹಿಂದಿ ಮತ್ತು ಆ ಪ್ರದೇಶದ ಭಾಷೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಸೂಚಿಸಿದೆ. ಕನ್ನಡದ ಅರ್ಜಿ ಕೇಳಿ. ಇಲ್ಲ ಎಂದರೆ ಇಲ್ಲ ಎಂದು ಬರೆದುಕೊಡಿ ಎನ್ನಿ. ಕೂಗಾಡುವುದು ಬೇಡ, ಬರಹದಲ್ಲಿ ಕೇಳಿದ ಪ್ರಶ್ನೆಗೆ ಕೂಗಿಗಿಂತ ಬೆಲೆ ಹೆಚ್ಚು.

ಒಂದು ಮಾತು ಮೊದಲೇ ತಿಳಿದಿರಲಿ. ಮಣ್ಣಿನ ಗೋಡೆಯ ಹಳೆಯ ಮನೆಗೆ, ಅದರಲ್ಲೂ ನಾಲ್ವರ ಅವಿಭಕ್ತ ಪಾಲಿಗೆ, ಬ್ಯಾಂಕುಗಳು ಸುಲಭವಾಗಿ ಸಾಲ ಕೊಡುವುದಿಲ್ಲ. ಕೈದುಡ್ಡು ಹೆಚ್ಚು ಬೇಕಾಗುತ್ತದೆ. ಲೆಕ್ಕಕ್ಕೆ ವಠಾರದ ಬೆಲೆ 80 ಲಕ್ಷ ಎಂದಿಟ್ಟುಕೊಳ್ಳಿ, ತಲೆಗೆ 20 ಲಕ್ಷ ಬಂತು. ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲೆ ಕರ, ಅಧಿಭಾರ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಿಂದ ಶೇಕಡ 1ರಿಂದ 2ಕ್ಕೆ ಏರಿಸಿದರು. ಎಲ್ಲ ಸೇರಿ ಆರು ಲಕ್ಷ ದಾಟುತ್ತದೆ, ಅಂದರೆ ತಲೆಗೆ ಒಂದೂವರೆ ಲಕ್ಷ. ಇದನ್ನು ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ತೋರಿಸೋಣ ಎನ್ನುವ ದಲ್ಲಾಳಿಯನ್ನು ದೂರ ಇಡಿ. ಸರ್ಕಾರಕ್ಕೆ ಮೋಸ ಮಾಡುವವನು ನಿಮಗೂ ಮಾಡುತ್ತಾನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ವಿಷಯ, ಬಾಡಿಗೆದಾರರು. ವಠಾರ ಖಾಲಿ ಇರುವುದು ಅಪರೂಪ. ಒಂದು ಮನೆಯಲ್ಲಿ ನಿವೃತ್ತ ಮಾಸ್ತರರು, ಇನ್ನೊಂದರಲ್ಲಿ ಬೀಡಿ ಕಟ್ಟುವ ವಿಧವೆ, ಮತ್ತೊಂದರಲ್ಲಿ ಹೂ ಮಾರುವವರು. ಮೂವತ್ತು ವರ್ಷದಿಂದ ಇದ್ದಾರೆ, ಬಾಡಿಗೆ ಕೆಲವು ನೂರು. ಮಾರುವವನು ನಿಮಗೆ ಹೇಳುವುದು ಒಂದೇ ಮಾತು, ಖಾಲಿ ಮಾಡಿಸುವುದು ನಿಮ್ಮ ಜವಾಬ್ದಾರಿ. ಆಮೇಲೆ ನಲ್ಲಿ ಕಡಿದು, ಕರೆಂಟು ತೆಗೆದು, ಪುಂಡರನ್ನು ಕಳಿಸಿ ಖಾಲಿ ಮಾಡಿಸುವ ದಂಧೆ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಪೈಕಿ ಕೆಲವರು ಹೆಗಲ ಮೇಲೆ ಕನ್ನಡದ ಶಾಲು ಹಾಕಿಕೊಂಡೇ ಈ ಕೂಲಿಗೆ ಹೋಗಿದ್ದಾರೆ ಎಂದು ಕೇಳಿದಾಗ ತಲೆ ತಗ್ಗಿಸಬೇಕಾಗುತ್ತದೆ. ಆ ಶಾಲಿಗಾಗಿ ಮ. ರಾಮಮೂರ್ತಿ ಬೀದಿ ಬೀದಿ ಅಲೆದರು.

ಕಾನೂನು ಏನೆಂದರೆ, ಮನೆ ಕೊಂಡವನು ಹಳೆಯ ಮಾಲೀಕನ ಜಾಗದಲ್ಲಿ ನಿಲ್ಲುತ್ತಾನೆ, ಮಾರಾಟವಾದ ಮಾತ್ರಕ್ಕೆ ಬಾಡಿಗೆ ಸಂಬಂಧ ಮುರಿಯುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದು ಅನ್ವಯವಾಗುವ ಊರುಗಳಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆ ರಕ್ಷಣೆ ಇದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂ., ಉಳಿದ ಕಡೆ 2000 ರೂ. ಮೀರಿದ ಮನೆ ಅದರ ಹೊರಗೆ. ಒಳಗಿದ್ದರೆ ಕಾಯಿದೆ ಹೇಳಿದ ಕಾರಣಕ್ಕೆ, ಕೋರ್ಟಿನ ಮೂಲಕವೇ ಬಿಡಿಸಬೇಕು. ಹೊರಗಿದ್ದರೂ ಕ್ರಮಬದ್ಧ ನೋಟೀಸು ಬೇಕು. ಇನ್ನು ಭೋಗ್ಯ. ಹಳೆಯ ಮಾಲೀಕ ನಾಲ್ಕೈದು ಲಕ್ಷ ಒಟ್ಟಿಗೆ ತೆಗೆದುಕೊಂಡು ಮನೆ ಬಿಟ್ಟುಕೊಟ್ಟಿರುತ್ತಾನೆ. ಅದನ್ನು ನಿಮಗೆ ಹೇಳುವುದಿಲ್ಲ. ನೀವೇ ಪ್ರತಿ ಬಾಗಿಲಿಗೆ ಹೋಗಿ ಕೇಳಿ, ಯಾರಿಗೆ ಎಷ್ಟು ಮುಂಗಡ ಹಿಂತಿರುಗಿಸಬೇಕು ಎಂದು ಪಟ್ಟಿ ಮಾಡಿ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಂಡು ಕ್ರಯಪತ್ರದಲ್ಲೇ ಬರೆಸಿ.

ನನ್ನ ಸಲಹೆ ಕೇಳುವುದಾದರೆ, ಎಲ್ಲರನ್ನೂ ಬಿಡಿಸಬೇಡಿ. ಆರು ಮನೆಯ ವಠಾರದಲ್ಲಿ ನಾಲ್ಕು ನಿಮಗೆ, ಎರಡು ಹಳಬರಿಗೆ. ಆ ಮಾಸ್ತರರು ಹೋದರೆ ಆ ಬೀದಿಯ ಅರ್ಧ ಕನ್ನಡ ಹೋಗುತ್ತದೆ. ಅವರ ಮನೆಮಾತು ಉರ್ದುವೋ ತಮಿಳೋ ಆಗಿದ್ದರೂ ಈ ಮಾತು ನಿಜ.

ಮನೆ ನೋಡಲು ಯಾವಾಗ ಹೋಗಬೇಕು? ನಮ್ಮ ಜನ ಆಷಾಢದಲ್ಲಿ ಆಸ್ತಿ ಮಾತು ಎತ್ತುವುದಿಲ್ಲ. ನಾನು ಹೇಳುತ್ತೇನೆ, ಆಷಾಢದಲ್ಲೇ ಹೋಗಿ. ಸಕಲೇಶಪುರದ ಕಡೆಯಿಂದ ಜಡಿಮಳೆ ಹಿಡಿದಾಗ ಸೋರದ ಮನೆ ಯಾವಾಗಲೂ ಸೋರುವುದಿಲ್ಲ. ಚೈತ್ರದ ಬಿಸಿಲಿನಲ್ಲಿ ಎಲ್ಲ ಮನೆಯೂ ಚೆನ್ನವೇ. ತೊಲೆ, ಜಂತೆಗಳನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ, ಗೆದ್ದಲು ತಿಂದಿದ್ದರೆ ಮೊನೆ ಸಲೀಸಾಗಿ ಇಳಿಯುತ್ತದೆ. ಎರಡಡಿ ದಪ್ಪದ ಮಣ್ಣಿನ ಗೋಡೆ ಕಂಡು ಹೆದರಬೇಡಿ, ಅದು ಬೇಸಿಗೆಯಲ್ಲಿ ತಂಪು. ಅದಕ್ಕೆ ಸಿಮೆಂಟು ಬಳಿದಿದ್ದರೆ ಮಾತ್ರ ಹೆದರಿ. ಮಣ್ಣಿನ ಗೋಡೆ ಉಸಿರಾಡಬೇಕು, ಸಿಮೆಂಟು ಅದರ ಮೂಗು ಮುಚ್ಚುತ್ತದೆ. ತೇವ ಒಳಗೇ ನಿಂತು ಗೋಡೆ ಬುಡದಲ್ಲಿ ಕೊಳೆಯುತ್ತದೆ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯನ್ನು ಮೊದಲು ಹುಡುಕಿ, ಆಮೇಲೆ ಮನೆ ಹುಡುಕಿ. ಸಾಲು ಮನೆಗಳಲ್ಲಿ ಪಕ್ಕದ ಗೋಡೆ ಇಬ್ಬರದೂ ಆಗಿರುತ್ತದೆ, ನೀವು ಒಂದು ಕಡೆ ಕೆಡವಿದರೆ ಆ ಕಡೆಯ ಅಜ್ಜಿಯ ಮನೆ ಬೀಳುತ್ತದೆ. ಶೌಚಾಲಯ, ಚರಂಡಿ, ವಿದ್ಯುತ್ತಿಗೆ ಮಾತ್ರ ಜಿಪುಣತನ ಬೇಡ. ಹಳೆಯದೆಂದು ಹಳೆಯ ಸಂಡಾಸನ್ನೂ ಪೂಜಿಸುವ ಭಾವುಕರು ಇದ್ದಾರೆ. ಅಂಥವರನ್ನು ಪಾಲುದಾರರಾಗಿ ಸೇರಿಸಬೇಡಿ. ಮನೆಯ ಹೆಂಗಸರು ಇದಕ್ಕಾಗಿಯೇ ವಠಾರ ಬಿಟ್ಟು ಓಡಿದ್ದು.

ಶ್ರವಣಬೆಳಗೊಳದಂಥ ಊರಿನಲ್ಲಿ ಕೊಳ್ಳುವವರು ಇನ್ನೊಂದು ವಿಚಾರಿಸಬೇಕು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಇರುವುದನ್ನು ದುರಸ್ತಿ ಮಾಡಲೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಅಪ್ಪಣೆ ಬೇಕು. ಇದು 2010ರ ತಿದ್ದುಪಡಿ. ಕಾಂಪ್ಲೆಕ್ಸಿನವನಿಗೆ ಇದು ತಲೆನೋವು. ಹಳೆಯ ಮನೆಯನ್ನು ಹಳೆಯದಾಗಿಯೇ ಉಳಿಸಿಕೊಳ್ಳುವ ನಿಮಗೆ ಇದು ಬೆಲೆ ಇಳಿಸಲು ಒಂದು ದಾರಿ.

ಕೊನೆಗೆ ನಾಲ್ವರ ನಡುವಿನ ಕಟ್ಟುಪಾಡು. ಗೆಳೆತನ ಗಟ್ಟಿ ಇದೆ, ಬರಹ ಯಾಕೆ ಎನ್ನಬೇಡಿ. ಗೆಳೆಯರಾಗಿ ಉಳಿಯಬೇಕಾದರೆ ಬರಹ ಬೇಕು. ಯಾರು ಎಷ್ಟು ಹಣ ಹಾಕಿದರು, ಯಾರಿಗೆ ಎಷ್ಟು ಪಾಲು ಎಂದು ಕ್ರಯಪತ್ರದಲ್ಲೇ ಇರಲಿ. ಹಣದ ಪ್ರಮಾಣಕ್ಕೆ ತಕ್ಕ ಪಾಲು ಎಂದು ಕಾಯಿದೆ ಹೇಳುತ್ತದೆ, ಯಾರು ಎಷ್ಟು ಹಾಕಿದರು ಎಂಬುದಕ್ಕೆ ಪುರಾವೆಯೇ ಇಲ್ಲದಿದ್ದರೆ ಸಮಪಾಲು ಎಂದು ಹಿಡಿಯುತ್ತದೆ. ಐದು ಲಕ್ಷ ಹೆಚ್ಚು ಹಾಕಿದವನ ಗತಿ ಆಗ ಏನು? ಮನೆಗಳನ್ನು ಬೇರೆ ಬೇರೆ ಮಾಡಿಕೊಳ್ಳುವುದಾದರೆ ವಿಭಾಗ ಪತ್ರ ನೋಂದಣಿ ಮಾಡಿಸಿ, ಅಂಗಳ, ಬಾವಿ, ಓಣಿಗಳನ್ನು ಜಂಟಿಯಾಗಿ ಬಿಡಿ. ಯಾರಾದರೂ ಪಾಲು ಮಾರುವುದಾದರೆ ಮೊದಲು ಒಳಗಿನವರಿಗೆ ಕೇಳಬೇಕು, ಬೆಲೆ ಹೇಗೆ ಕಟ್ಟಬೇಕು, ಎಷ್ಟು ದಿನ ಕಾಯಬೇಕು ಎಂದು ಕರಾರು ಮಾಡಿಕೊಳ್ಳಿ. ವಠಾರ ಉಳಿಯುವುದೂ ಒಡೆಯುವುದೂ ಈ ಒಂದು ಕರಾರಿನ ಮೇಲೆ. ಸುಣ್ಣ ಬಳಿಯಲು, ಚರಂಡಿ ತೆಗೆಸಲು ತಿಂಗಳಿಗೆ ಇಷ್ಟು ಎಂದು ಜಂಟಿ ಖಾತೆಗೆ ಹಾಕಿ. ಲೆಕ್ಕದ ಪುಸ್ತಕ ಕನ್ನಡದಲ್ಲಿ, ಗೋಡೆಯ ಮೇಲೆ ತೂಗುಹಾಕಿ.

ಅರಕಲಗೂಡಿನ ಗೆಳೆಯರಿಗೆ ಒಂದು ನೆನಪು ಹೇಳುತ್ತೇನೆ. ಅ.ನ. ಕೃಷ್ಣರಾಯರ ಹೆಸರಿನ ಮೊದಲ ಅಕ್ಷರ ನಿಮ್ಮ ಊರು. ಅರವತ್ತರ ದಶಕದಲ್ಲಿ ಬೆಂಗಳೂರಿನ ರಾಮೋತ್ಸವದ ವೇದಿಕೆಗಳಲ್ಲಿ ಕನ್ನಡದ ಸಂಗೀತಗಾರರಿಗೆ ಜಾಗವಿಲ್ಲ ಎಂದು ಕಂಡು ಬೀದಿಗಿಳಿದವರು ಅವರು. ಆಗ ಕೇಳಿದ್ದು ವೇದಿಕೆಯ ಮೇಲೆ ಒಂದು ಜಾಗ. ಆಗ ಬೀದಿಯ ಮನೆಗಳು ನಮ್ಮವೇ ಆಗಿದ್ದವು, ಅದರ ಬಗ್ಗೆ ಯಾರೂ ಚಿಂತಿಸಬೇಕಾಗಿರಲಿಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಜಾಗ ಕೇಳಿದೆವು. ಸರೋಜಿನಿ ಮಹಿಷಿ ವರದಿ ಬಂದಾಗ ಉದ್ಯೋಗದಲ್ಲಿ ಜಾಗ ಕೇಳಿದೆವು. ಇವೆಲ್ಲವನ್ನೂ ಸರ್ಕಾರದ ಮುಂದೆ ಕೇಳಬೇಕಿತ್ತು, ಇನ್ನೂ ಕೇಳುತ್ತಲೇ ಇದ್ದೇವೆ. ಈ ಬೀದಿಯ ಮನೆಗೆ ಯಾವ ಮಂತ್ರಿಯ ಮುಂದೆಯೂ ಮನವಿ ಕೊಡಬೇಕಾಗಿಲ್ಲ.

ಹೊಳೆನರಸೀಪುರದ ಮೂವರು ಗೆಳೆಯರು ಒಂದು ವಠಾರದ ಕಾಗದಗಳನ್ನು ತಂದಿದ್ದಾರೆ, ನಾಲ್ಕನೆಯವರನ್ನು ಹುಡುಕುತ್ತಿದ್ದಾರೆ. ನಾನು ಮೇಲಿಂದ ನೋಡಿದೆ. ಮೂಲಪತ್ರ ಇದೆ, ಕನ್ನಡದ್ದೇ. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರು ಬಿಟ್ಟಿದೆ. ಮುಂಗಡ ಇನ್ನೂ ಕೊಟ್ಟಿಲ್ಲ, ಒಳ್ಳೆಯದಾಯಿತು. ಚಹಾ ಕುಡಿದ ಮೇಲೆ ಆಸಕ್ತಿ ಇದ್ದವರು ಈ ಮೇಜಿನ ಹತ್ತಿರ ಬನ್ನಿ, ಮೊದಲು ಆ ಇಬ್ಬರು ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಪತ್ತೆ ಮಾಡೋಣ.